ಬಚ್ಚಿಟ್ಟ ದನಗಳ ಗೋಮಾಳ

ನಮ್ಮ ಯಜಮಾನರು ಹೊಳೆನರಸೀಪುರದಲ್ಲಿ ಕಂದಾಯ ಇಲಾಖೆಯ ಶೇಕ್ದಾರರಾಗಿದ್ದಷ್ಟು ಕಾಲ ಅವರ ಕಚೇರಿಯ ಅರ್ಧ ಕಾಗದಗಳು ನನ್ನ ಕೈಬರಹದಲ್ಲಿದ್ದವು. ಇದನ್ನು ಈಗ ಹೇಳಿದರೆ ಯಾರಿಗೂ ತೊಂದರೆಯಿಲ್ಲ. ಯಜಮಾನರನ್ನು ಇನ್ನು ಮುಂದೆ ‘ಇವರು’ ಎಂದೇ ಬರೆಯುತ್ತೇನೆ; ಬೇರೆ ರೀತಿ ಕರೆದು ನನಗೆ ಅಭ್ಯಾಸವಿಲ್ಲ. ಇವರ ಅಕ್ಷರ, ಇರುವೆ ಮಸಿಯಲ್ಲಿ ಬಿದ್ದು ಎದ್ದು ಕಾಗದದ ಮೇಲೆ ಓಡಿದ ಹಾಗೆ. ನನ್ನದು ಕಾನ್ವೆಂಟಿನ ಸಿಸ್ಟರುಗಳು ಬೆರಳ ಗೆಣ್ಣಿನ ಮೇಲೆ ರೂಲುದೊಣ್ಣೆಯಿಂದ ತಟ್ಟಿ ತಟ್ಟಿ ದುಂಡಗೆ ಮಾಡಿದ ಅಕ್ಷರ. ಹಾಸನದ ನಮ್ಮ ತಂದೆ ಅಂಗಡಿ ಇಟ್ಟವರು. ಮಗಳನ್ನು ಓದಿಸಿದರೆ ಗಂಡು ಸಿಗುವುದು ಕಷ್ಟ ಎಂದು ನೆಂಟರೆಲ್ಲ ಹೆದರಿಸಿದರೂ ಓದಿಸಿದರು. ಆ ಓದು ಕೊನೆಗೆ ಉಪಯೋಗಕ್ಕೆ ಬಂದದ್ದು ಶುದ್ಧಪ್ರತಿ ಬರೆಯುವುದಕ್ಕೆ.

ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಪಡಸಾಲೆಯ ಕಿಟಕಿಯ ಕೆಳಗೆ ಕಾಲು ಮಡಚಿ ಕುಳಿತು ಬರೆಯುತ್ತಿದ್ದೆ. ನಮ್ಮತ್ತೆ ವಿಭೂತಿಯ ಗಟ್ಟಿಯನ್ನು ಪೆಟ್ಟಿಗೆಯೊಳಗೆ ಇಡುತ್ತ, “ಸರ್ಕಾರದ ಕೆಲಸ ನೀನು ಮಾಡು. ಸರ್ಕಾರ ಬಂದು ನಿನ್ನ ಬದಲು ಮುದ್ದೆ ತಿರುವುತ್ತದೇನೋ ನೋಡೋಣ” ಅನ್ನುತ್ತಿದ್ದರು. ಅಂದರೂ ಸಂಜೆಯ ಮುದ್ದೆಯನ್ನು ಅವರೇ ತಿರುವುತ್ತಿದ್ದರು.

ಯುದ್ಧದ ಕಾಲ. ಅಕ್ಕಿ, ಸೀಮೆಎಣ್ಣೆ, ಬಟ್ಟೆ ಎಲ್ಲದಕ್ಕೂ ಬಿಗಿ. ಹೆಚ್ಚು ಆಹಾರ ಬೆಳೆಯಬೇಕು, ಬೀಳು ಬಿದ್ದ ಸರ್ಕಾರಿ ಜಮೀನು ಎಲ್ಲೆಲ್ಲಿದೆ ನೋಡಿ ಸಾಗುವಳಿಗೆ ಕೊಡಬೇಕು ಎಂದು ಮೇಲಿನಿಂದ ಹುಕುಂ ಬಂತು. ಹಳ್ಳಿಹಳ್ಳಿಗೂ ಒಂದೊಂದು ಗೋಮಾಳವಿತ್ತು. ಜಮೀನು ಸರ್ಕಾರದ್ದು, ಹುಲ್ಲು ಊರಿನ ದನಗಳದ್ದು. ಯಾರೂ ಉಳುವ ಹಾಗಿಲ್ಲ. ಅದರಲ್ಲಿ ದನಕ್ಕೆ ಎಷ್ಟು ಬೇಕೋ ಅಷ್ಟನ್ನು ಉಳಿಸಿ, ಮಿಕ್ಕಿದ್ದನ್ನು ಭೂಮಿಯಿಲ್ಲದವರಿಗೆ ಕೊಡುವುದಕ್ಕೆ ಊರಿಗೊಂದು ಯೋಜನೆ ತಯಾರಿಸಿ ಎಂದು ತಾಲ್ಲೂಕಿನ ಅಮಲ್ದಾರರು ಇವರಿಗೆ ಬರೆದರು. ನೂರು ದನಕ್ಕೆ ಇಷ್ಟು ಎಕರೆ ಎಂದು ನಿಯಮವೇ ಇತ್ತು. ಆ ಕಾಗದದ ನಕಲನ್ನು ಶ್ಯಾನುಭೋಗರುಗಳಿಗೆ ಕಳಿಸಲು ನಾನೇ ಐದಾರು ಸಲ ಬರೆದೆ. ಬರೆಯುವಾಗ ನನಗೆ ಅನ್ನಿಸಿದ್ದು ‘ಗೋಮಾಳ’ ಎಂಬ ಮಾತು ಬರೆಯಲು ಎಷ್ಟು ಚೆನ್ನಾಗಿದೆ ಎಂದು ಮಾತ್ರ. ಮೂರೂ ಅಕ್ಷರ ದುಂಡಗೆ ಕೂರುತ್ತವೆ.

ನಮ್ಮ ಮನೆಗೆ ಮೊಸರು ಹಾಕುತ್ತಿದ್ದವಳು ಊರಿನಿಂದ ಎರಡು ಮೈಲಿ ಆಚೆಯ ಹಳ್ಳಿಯವಳು. ನಾವು ಕರೆಯುತ್ತಿದ್ದುದು ಮೊಸರವ್ವ ಎಂದು. ವಯಸ್ಸು ಐವತ್ತರ ಆಸುಪಾಸು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಒಂದು ಗುಂಟೆ ಜಮೀನೂ ಇರಲಿಲ್ಲ. ಇದ್ದದ್ದು ನಾಲ್ಕು ಹಸು. ಹಿತ್ತಲ ಬಾಗಿಲಲ್ಲಿ ಗಡಿಗೆ ಇಳಿಸಿ, ತಲೆಯ ಸಿಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳೆಂದರೆ ಮೊದಲು ಹಸುಗಳ ವರದಿ, ಆಮೇಲೆ ಮೊಸರು. ಸೊಸೆಯರ ಮೇಲೆ ಚಾಡಿ ಹೇಳುವ ಅತ್ತೆಯ ಧಾಟಿಯೇ ಅದು.

“ಕೆಂದಿ ಇವತ್ತು ಮುನಿಸ್ಕಂಡವಳೆ ಕಣ್ರವ್ವ. ಕರು ಬುಡೋಗಂಟ ಒಂದು ತೊಟ್ಟು ಹಾಲು ಇಳಿಸ್ನಿಲ್ಲ. ಗಿಡ್ಡಿಯಂತೂ ನನ್ ಸವತಿ, ಒದ್ದು ಚೆಂಬು ಉಳ್ಳಾಡಿಸ್ಬುಟ್ಲು.”

“ಬೆಳ್ಳಿ?”

“ಅವಳು ದ್ಯಾವರಂಥೋಳು. ಅದ್ಕೇ ಹಾಲು ಕಮ್ಮಿ.”

ಕವಲಿ ಎಂಬ ನಾಲ್ಕನೆಯದಕ್ಕೆ ಒಂದು ಕೊಂಬು ಮುರಿದಿತ್ತು. ಅದು ಗಬ್ಬವಾಗಿದ್ದ ತಿಂಗಳುಗಳಲ್ಲಿ ನಮ್ಮತ್ತೆಯೂ ದಿನಾ ವಿಚಾರಿಸುತ್ತಿದ್ದರು. ನಾನು ಆ ಹಸುಗಳನ್ನು ಕಣ್ಣಿಂದ ನೋಡಿರಲಿಲ್ಲ. ಆದರೂ ಮೊಸರಿನ ಕೆನೆಯ ಬಣ್ಣ ನೋಡಿ ಇವತ್ತು ಕೆಂದಿ ಮುನಿಸಿಕೊಂಡಿದ್ದಾಳೋ ಇಲ್ಲವೋ ಹೇಳಬಲ್ಲವಳಾಗಿದ್ದೆ.

ಮೊಸರವ್ವ ನಾಲ್ಕನ್ನೂ ಹೆಸರಿಟ್ಟು ಕರೆಯುತ್ತಿದ್ದಳೇ ಹೊರತು ‘ನಾಲ್ಕು’ ಎಂದು ಒಂದು ದಿನವೂ ಅಂದವಳಲ್ಲ. ಆ ಕಡೆಯವರು ಯಾರೂ ಅನ್ನುವುದಿಲ್ಲ. ಕಣದಲ್ಲಿ ರಾಗಿ ಅಳೆಯುವಾಗಲೇ ಮೊದಲ ಕೊಳಗಕ್ಕೆ ‘ಒಂದು’ ಅನ್ನದೆ ‘ಲಾಭ’ ಅನ್ನುವ ಜನ. ಇನ್ನು ಉಸಿರಾಡುವ ದನವನ್ನು ಬೆರಳಿಟ್ಟು ಎಣಿಸುತ್ತಾರೆಯೇ? ಎಷ್ಟು ದನ ಅಂತ ಕೇಳಿದರೆ “ದ್ಯಾವ್ರು ಕೊಟ್ಟಷ್ಟು ಅವೆ” ಎಂಬುದೇ ಉತ್ತರ. ಎಣಿಸಿದ ಕೊಟ್ಟಿಗೆ ಕರಗುತ್ತದೆ ಎಂದು ಅವರ ನಂಬಿಕೆ.

ಗೋಮಾಳದ ಯೋಜನೆಗೆ ಮೊದಲು ದನದ ಲೆಕ್ಕ ಬೇಕಲ್ಲ, ಇವರು ಶ್ಯಾನುಭೋಗರನ್ನೂ ಪಟೇಲರನ್ನೂ ಕರೆದುಕೊಂಡು ಹಳ್ಳಿಯ ಮೇಲೆ ಹಳ್ಳಿ ಸುತ್ತಲು ಹೊರಟರು. ಇವರಿಗಿಂತ ಮುಂಚೆ ಒಂದು ಸುದ್ದಿ ಸುತ್ತಿತ್ತು. ಯುದ್ಧಕ್ಕೆ ಹೋದ ಸಿಪಾಯಿಗಳಿಗೆ ಮಾಂಸ ಸಾಲದಂತೆ, ಎಣಿಸಿಕೊಂಡು ಹೋದ ಮೇಲೆ ಹತ್ತಕ್ಕಿಷ್ಟು ಎಂದು ಹಿಡಿದುಕೊಂಡು ಹೋಗುತ್ತಾರಂತೆ. ಯಾರು ಹುಟ್ಟಿಸಿದರೋ. ಚನ್ನರಾಯಪಟ್ಟಣದ ಸಂತೆಯಿಂದ ಬಂತು ಅಂದರು ಕೆಲವರು. ಅರಕಲಗೂಡಿನಿಂದ ಅಂದರು ಕೆಲವರು.

ಮೊಸರವ್ವನ ಹಳ್ಳಿಯಲ್ಲಿ ಎಣಿಕೆಯಾದ ದಿನ ಅವಳು ನಮ್ಮ ಮನೆಗೆ ಬಂದದ್ದು ಸೂರ್ಯ ನೆತ್ತಿಗೇರಿದ ಮೇಲೆ. ಸೀರೆ ಮೊಣಕಾಲಿನವರೆಗೆ ಒದ್ದೆ. ಅಂಚಿನಲ್ಲಿ ಹೊಳೆಯ ಸಣ್ಣ ಮರಳು ಅಂಟಿ ಮಿನುಗುತ್ತಿತ್ತು.

“ಏನವ್ವ ಇಷ್ಟು ಹೊತ್ತು?” ಅಂದೆ.

“ಹೊಳೆ ತಾವ ವಸಿ ಕೆಲ್ಸ ಇತ್ತು ಕಣ್ರವ್ವ.”

ಹಸುಗಳ ಸುದ್ದಿ ಅವತ್ತು ಹೇಳಲಿಲ್ಲ. ಮೊಸರು ಹಾಕುವಾಗ ಒಂದು ಹನಿ ಹೊಸ್ತಿಲ ಮೇಲೆ ಬಿತ್ತು. ಅದನ್ನು ಬೆರಳಿನಿಂದ ಒರೆಸಿ ಬೆರಳನ್ನು ನೆತ್ತಿಗೆ ಒರೆಸಿಕೊಂಡು ಹೊರಟುಹೋದಳು.

ಮೂರು ದಿನದ ಮೇಲೆ ಇವರ ಕರಡು ಪಟ್ಟಿ ನನ್ನ ಮುಂದೆ ಬಂತು. ಎಡಗಡೆ ಮನೆಯ ಯಜಮಾನರ ಹೆಸರು. ಬಲಗಡೆಗೆ ಎತ್ತು, ಹಸು, ಎಮ್ಮೆ, ಕರು ಎಂದು ಕಾಲಂಗಳು. ಎಲ್ಲರ ಮನೆಯಲ್ಲೂ ಒಂದೊಂದು, ಎರಡೆರಡು. ಉಳುವ ಎತ್ತನ್ನು ಬಚ್ಚಿಡಲು ಆಗುವುದಿಲ್ಲ, ಅವು ಮಾತ್ರ ಸರಿಯಾಗಿದ್ದಂತೆ ಕಂಡವು. ಪಟ್ಟಿಯ ಕೊನೆಯ ಕಡೆ ಮೊಸರವ್ವನ ಹೆಸರಿತ್ತು. ಅವಳಿಗೊಂದು ಹೆಸರಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಅದರ ಎದುರಿಗೆ ಹಸು ಎಂಬ ಕಾಲಂನಲ್ಲಿ ಇವರ ಇರುವೆಯಕ್ಷರದಲ್ಲಿ ‘೧’ ಎಂದಿತ್ತು.

ನಾನು ಲೇಖನಿ ಎತ್ತಿ ಹಿಡಿದೆ. ಒದ್ದೆ ಸೀರೆ, ಮರಳು, ಎಲ್ಲ ಅರ್ಥವಾಯಿತು. ಹೊಳೆಯ ಪಕ್ಕದ ಈಚಲ ಮರಗಳ ಮರೆಗೆ ಊರಿನ ದನವನ್ನೆಲ್ಲ ಹೊಡೆದುಕೊಂಡು ಹೋಗಿ ನಿಲ್ಲಿಸಿದ್ದಾರೆ. ಯಾವುದನ್ನು ತೋರಿಸಲು ಬಿಟ್ಟಳೋ, ಬೆಳ್ಳಿಯನ್ನೇ ಇರಬೇಕು ಎಂದುಕೊಂಡೆ. ಸುಳ್ಳನ್ನು ಬಾಯಿಂದ ಹೇಳಿದರೂ ಒಂದೇ, ಬಾಯಿ ಮುಚ್ಚಿಕೊಂಡು ಹೇಳಿದರೂ ಒಂದೇ ಎಂದು ಸಿಸ್ಟರುಗಳು ಕಲಿಸಿದ್ದರು. ಹಿತ್ತಲಲ್ಲಿ ಕೇಳಿದ್ದನ್ನು ಪಡಸಾಲೆಗೆ ತರಬೇಡ ಎಂದು ನಮ್ಮ ತಾಯಿ ಹೇಳಿ ಕಳಿಸಿದ್ದರು. ಇವರಿಗೆ ಹೇಳಿದರೆ ಆ ಹೆಂಗಸನ್ನು ಕರೆಸಿ ಗದರಿಸುತ್ತಾರೆ, ತಪ್ಪು ಮಾಹಿತಿ ಕೊಟ್ಟಳೆಂದು ಪಟೇಲರು ಕಾಡಬಹುದು. ಒಂದು ಹಸು ಇದ್ದರೆ ಏನು, ನಾಲ್ಕಿದ್ದರೆ ಏನು, ಕಚೇರಿಯ ಕಪಾಟಿನಲ್ಲಿ ಧೂಳು ತಿನ್ನುವ ಪಟ್ಟಿ ಎಂದುಕೊಂಡೆ. ‘೧’ ಎಂದು ದುಂಡಗೆ ಬರೆದೆ. ಮಸಿ ಆರಲೆಂದು ಉಫ್ ಎಂದು ಊದಿದ್ದೂ ನೆನಪಿದೆ.

ನೂರು ದನಕ್ಕೆ ಇಷ್ಟು ಎಕರೆ ಎಂಬ ಕಾಗದವನ್ನು ನಾನೇ ಬರೆದಿದ್ದೆ. ದನದ ಪಟ್ಟಿಯನ್ನೂ ನಾನೇ ಬರೆದೆ. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡುವ ಬುದ್ಧಿ ನನಗೆ ಬರಲಿಲ್ಲ.

ತಿಂಗಳು ಕಳೆದು ನಕ್ಷೆ ಬಂತು. ಮೇಣ ಹಿಡಿದ ಬಟ್ಟೆಯ ಮೇಲೆ ಹಳ್ಳಿಯ ನಕ್ಷೆಯನ್ನು ಇಳಿಸಿಕೊಂಡು ಇವರು ಗೋಮಾಳದಲ್ಲಿ ಗೆರೆ ಎಳೆದಿದ್ದರು. ಕಷ್ಟಪಟ್ಟು ಮಾಡಿದ ಕೆಲಸ ಅದು. ಇವರು ಕುರ್ಚಿಯಲ್ಲಿ ಕೂತು ಗೆರೆ ಎಳೆಯುವವರಲ್ಲ. ಮುಳ್ಳು ತುಳಿದುಕೊಂಡು ಇಡೀ ಗೋಮಾಳ ನಡೆದು, ಎಲ್ಲಿ ಮಣ್ಣು ಆಳವಿದೆ, ಎಲ್ಲಿ ಕಲ್ಲು ಎದ್ದಿದೆ ಎಂದು ಹಾರೆಯಿಂದ ಕುಕ್ಕಿ ನೋಡಿ ಬಂದಿದ್ದರು. ದನಕ್ಕೆ ಉಳಿಯುವುದಕ್ಕೆ ಹಸಿರು, ಸಾಗುವಳಿಗೆ ಕೊಡುವುದಕ್ಕೆ ಹಳದಿ ಬಳಿಯಬೇಕಿತ್ತು. ನನ್ನ ಬಳಿ ಕಾನ್ವೆಂಟಿನ ಕಾಲದ ಬಣ್ಣದ ಡಬ್ಬಿ ಇತ್ತು. ಬಟ್ಟೆಯ ನಾಲ್ಕು ಮೂಲೆಗೆ ಅಕ್ಕಿ ಅಳೆಯುವ ಸೇರು, ಪಾವು, ಚಟಾಕುಗಳನ್ನು ಭಾರವಾಗಿ ಇಟ್ಟುಕೊಂಡು ಕುಳಿತೆ.

ಹಸಿರು ಬೇಗ ಮುಗಿಯಿತು. ಗುಡ್ಡದ ಕಡೆಯ ಒಂದು ತುಂಡು ಅಷ್ಟೆ. ಹಳದಿ ಬಳಿಯುತ್ತಾ ಬಳಿಯುತ್ತಾ ಬಣ್ಣದ ಬಿಲ್ಲೆಯ ನಡುವೆ ಗುಳಿ ಬಿತ್ತು, ಆದರೂ ಜಾಗ ಮುಗಿಯಲಿಲ್ಲ. ಕೆರೆಯ ಕಡೆಯ ಅಷ್ಟೂ ಹುಲ್ಲುಗಾವಲು ಹಳದಿಯಾಯಿತು.

“ಏನೂಂದ್ರೆ, ದನಕ್ಕೆ ಇಷ್ಟೇನಾ?”

“ಇರುವ ದನಕ್ಕೆ ಅಷ್ಟೇ ಬರೋದು. ನಿಯಮದ ಪ್ರಕಾರ ಒಂದು ಎಕರೆ ಹೆಚ್ಚೇ ಇಟ್ಟಿದ್ದೇನೆ” ಅಂದರು ಇವರು. ಆ ಒಂದು ಎಕರೆಯ ಬಗ್ಗೆ ಅವರಿಗೆ ಸ್ವಲ್ಪ ಹೆಮ್ಮೆಯಿತ್ತು.

ನನ್ನ ಕುಂಚ ಬಟ್ಟೆಯ ಮೇಲೆ ನಿಂತು ಅಲ್ಲೊಂದು ಕಡು ಹಳದಿ ಚುಕ್ಕೆಯಾಯಿತು. ಹೇಳಬೇಕಿತ್ತು. ಇವರು ಟೋಪಿ ಹಾಕಿಕೊಂಡು ಹೊರಟರು, ನಾನು ನೀರು ಹಚ್ಚಿ ಚುಕ್ಕೆಯನ್ನು ತಿಳಿ ಮಾಡಿದೆ. ಸಂಜೆ ಹೇಳೋಣ ಎಂದು ಮುಂದೆ ಹಾಕಿದೆ. ಸಂಜೆ ಇವರಿಗೆ ತಲೆನೋವು. ಮರುದಿನ ನಕ್ಷೆ ಅಮಲ್ದಾರರ ಕಚೇರಿಗೆ ಹೋಯಿತು. ಹೀಗೆ ಸಂಜೆ, ನಾಳೆ ಎನ್ನುವುದರಲ್ಲಿ ಇನ್ನೂ ಎರಡು ವಾರ ಹೋದವು. ಆ ಎರಡು ವಾರವೇ ನನ್ನನ್ನು ಈಗಲೂ ಚುಚ್ಚುವುದು.

ಹಳ್ಳಿಯಲ್ಲಿ ತಮಟೆ ಹೊಡೆಸಿ, ಗೋಮಾಳದ ಇಂಥ ಭಾಗ ಸಾಗುವಳಿಗೆ, ಬೇಕಾದವರು ಅರ್ಜಿ ಹಾಕಿ ಎಂದು ಸಾರಿದ ಮಾರನೆಯ ಬೆಳಗ್ಗೆ ಮೊಸರವ್ವ ಬಂದಳು. ಗಡಿಗೆ ಇಳಿಸಲಿಲ್ಲ. ತಲೆಯ ಮೇಲೆ ಇಟ್ಟುಕೊಂಡೇ ನಿಂತಳು.

“ಗೋಮಾಳ ಕುಯ್ದು ಹಂಚ್ತಾರಂತೆ. ನಿಜವಾ ಅವ್ವಾರೆ?”

“ನಿಜ.”

“ಯಾಕಂತೆ?”

“ನಿಮ್ಮೂರಲ್ಲಿ ದನ ಕಡಿಮೆ ಇವೆಯಂತೆ. ಅಷ್ಟು ಜಾಗ ಬೇಡವಂತೆ.”

“ಯಾರು ಅಂಗಂದೋರು?”

“ನೀವೇ ಅಂದದ್ದು” ಅಂದೆ. ನನ್ನ ಧ್ವನಿ ನನಗೇ ಕೇಳದಷ್ಟು ಸಣ್ಣಗಿತ್ತು.

ಅವಳು ನನ್ನನ್ನೇ ನೋಡಿದಳು. ಆಮೇಲೆ ಗಡಿಗೆ ಇಳಿಸಿ ಕೂತಳು. ಕೂತವಳು ನಗಲು ಶುರುಮಾಡಿದಳು, ಅಳುವುದಕ್ಕೆ ಮುಂಚೆ ಕೆಲವರು ನಗುತ್ತಾರಲ್ಲ ಹಾಗೆ.

“ಸರ್ಕಾರ ಕೇಳ್ತದೆ ಅಂದ್ರೆ ತಕ್ಕೊಂಡೋಗಾಕೆ ಅನ್ಕಂಡ್ವಿ ಕಣ್ರವ್ವ. ಕೊಡಾಕೂ ಕೇಳ್ತದೆ ಅಂತ ಯಾರ್ಗೆ ಗೊತ್ತು?” ಸೆರಗಿನಿಂದ ಮೂಗು ಒರೆಸಿಕೊಂಡಳು. “ಇದ್ದೋರು ಹೊಲದ ಬದಿನಾಗೆ ಮೇಯ್ಸ್ತಾರೆ. ಕಡ್ಡಿ ಹುಲ್ಲು, ರಾಗಿ ಹುಲ್ಲು ಮಡಿಕ್ಕಂಡಿರ್ತಾರೆ. ನಂಗೇನದೆ? ಆ ಗೋಮಾಳ ಇಲ್ದಿದ್ರೆ ನಾನು ಅವ್ಕೆ ನನ್ ಸೀರೆ ಸೆರಗು ಮೇಯ್ಸಬೇಕು.”

ನಮ್ಮತ್ತೆ ಬಾಗಿಲಿಗೆ ಬಂದು ನಿಂತಿದ್ದರು. “ಸುಳ್ಳು ಹೇಳುವಾಗ ಬುದ್ಧಿ ಎಲ್ಲಿ ಹೋಗಿತ್ತೇ?” ಅಂದರು.

“ಹೊಳೆಗೆ ಓಗಿತ್ತು ಕಣ್ ತಾಯಿ, ದನಿನ್ ಜೊತೆ” ಅಂದಳು ಮೊಸರವ್ವ.

ಅವತ್ತು ಇವರು ಊಟಕ್ಕೆ ಕೂತಾಗ ಹೇಳಿದೆ. ನಾಲ್ಕು ಹಸುಗಳ ಹೆಸರನ್ನೂ ಹೇಳಿದೆ. ಮುದ್ದೆ ಮುರಿದ ಕೈ ತಟ್ಟೆಯಲ್ಲೇ ನಿಂತಿತು.

“ನಿನಗೆ ಯಾವಾಗ ಗೊತ್ತಾಯಿತು?”

“ಪಟ್ಟಿ ಬರೆಯುವಾಗಲೇ.”

ಇವರು ಗದರಿಸಲಿಲ್ಲ. ಗದರಿಸಿದ್ದರೆ ಹಗುರವಾಗುತ್ತಿತ್ತೇನೋ. “ನಾನೇ ಖುದ್ದಾಗಿ ಎಣಿಸಿದ್ದೇನೆ ಅಂತ ಸಹಿ ಹಾಕಿದ್ದೇನೆ. ಕೊಟ್ಟಿಗೆಯಲ್ಲಿ ಇದ್ದದ್ದನ್ನ ಎಣಿಸಿದೆ. ಇಲ್ಲದ್ದು ಎಲ್ಲಿದೆ ಅಂತ ನೋಡಲಿಲ್ಲ” ಅಂದರು. ಹಾಸನದ ಕಚೇರಿಗೆ ಇವರನ್ನು ಬಡ್ತಿಯ ಮೇಲೆ ಕರೆಸಿಕೊಳ್ಳುವ ಮಾತು ನಡೆಯುತ್ತಿದ್ದ ದಿನಗಳು ಅವು. ನಮ್ಮ ತಂದೆಯ ಮನೆಯ ಬೀದಿಯಲ್ಲೇ ಬಾಡಿಗೆಗೆ ಮನೆ ಸಿಗಬಹುದೇ ಎಂದು ನಾನು ಕಾಗದವನ್ನೂ ಬರೆದಿದ್ದೆ. ತಪ್ಪು ಲೆಕ್ಕಕ್ಕೆ ಸಹಿ ಹಾಕಿದ್ದೇನೆ ಎಂದು ತಾನಾಗಿ ಒಪ್ಪಿಕೊಳ್ಳುವ ಶೇಕ್ದಾರನಿಗೆ ಬಡ್ತಿ ಯಾರು ಕೊಡುತ್ತಾರೆ? ಸುಮ್ಮನಿದ್ದರೆ ಯಾರೂ ಕೇಳುವವರಿರಲಿಲ್ಲ. ಇದನ್ನು ನಾನೂ ಯೋಚಿಸಿದೆ, ಇವರೂ ಯೋಚಿಸಿದರು, ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಮರುದಿನ ಬೆಳಗ್ಗೆ ಇವರು ಹೇಳುತ್ತಾ ಹೋದರು, ನಾನು ಬರೆದೆ. ‘ಗ್ರಾಮಸ್ಥರು ದನಗಳನ್ನು ಬಚ್ಚಿಟ್ಟಿದ್ದರಿಂದ’ ಎಂದು ನಾನು ಒಂದು ಮಾತು ಸೇರಿಸಿದ್ದೆ. ಇವರು ಓದಿ, ಹಾಳೆಯನ್ನು ನಡುವೆ ಹರಿದರು.

“ಹಾಗೆ ಬರೆದರೆ ಅವರ ಮೇಲೆ ಹೋಗುತ್ತದೆ. ‘ನನ್ನ ಎಣಿಕೆಯಲ್ಲಿ ತಪ್ಪಾಗಿದೆ’ ಅಂತ ಬರಿ.”

ಬರೆದೆ. ಆ ಒಂದು ಸಾಲು ಬರೆಯುವಷ್ಟರಲ್ಲಿ ನನ್ನ ದುಂಡಗಿನ ಅಕ್ಷರವೆಲ್ಲ ಓರೆಯಾಗಿತ್ತು.

ಅಮಲ್ದಾರರು ಒಂದು ದಿನದ ಅವಕಾಶ ಕೊಟ್ಟರು. ಮತ್ತೆ ಎಣಿಸಿ ಕಳಿಸಿ, ಅಲ್ಲಿಯವರೆಗೆ ಹೊಸ ಅರ್ಜಿಗಳನ್ನು ತಡೆಹಿಡಿಯುತ್ತೇನೆ ಎಂದರು. ಆದರೆ ಕೆರೆಯ ಪಕ್ಕದ ತುಂಡುಗಳಿಗೆ ತಮಟೆ ಹೊಡೆಸುವ ಮೊದಲೇ, ಆ ಎರಡು ವಾರದಲ್ಲಿ, ಅರ್ಜಿ ಬಂದು ಮಂಜೂರಾಗಿತ್ತು.

ಈ ಸಲ ಇವರು ನನ್ನನ್ನೂ ಗಾಡಿಯಲ್ಲಿ ಕರೆದುಕೊಂಡು ಹೋದರು. ಆ ಊರಿನ ಮನೆಗಳಲ್ಲಿ ದನ ಕಟ್ಟುವುದು ಮನೆಯೊಳಗೇ, ಅಡುಗೆ ಮಾಡುವ ಜಾಗಕ್ಕೆ ಅಂಟಿಕೊಂಡು. ಗಂಡಸರು ಒಳಗೆ ನುಗ್ಗಿದರೆ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಾರೆ ಎಂದು ಇವರ ಯೋಚನೆ. ನಮ್ಮತ್ತೆ, “ಇನ್ನು ಪೇಟಾ ಒಂದು ಸುತ್ತಿಬಿಟ್ಟರೆ ಇವಳೇ ಶೇಕ್ದಾರಳು” ಎಂದು ಹೇಳಿ ಬುತ್ತಿ ಕಟ್ಟಿಕೊಟ್ಟರು.

ಅರಳಿಕಟ್ಟೆಯ ಹತ್ತಿರ ಊರಿನವರೆಲ್ಲ ಸೇರಿದ್ದರು. ದನ ಕಾಣಲಿಲ್ಲ. ಶ್ಯಾನುಭೋಗರು ಮೂಗಿಗೆ ನಶ್ಯ ಏರಿಸಿ, “ಏನ್ ಗೌಡ್ರೇ, ಇವತ್ತೂ ದನಗಳಿಗೆ ಹೊಳೆ ಸ್ನಾನವೋ?” ಅಂದರು. ಕೆಲವರು ನಕ್ಕರು. ಹಿರಿಯ ಗೌಡರೊಬ್ಬರು ನಗಲಿಲ್ಲ.

“ಬುದ್ಧಿ, ಮಿಲ್ಟ್ರಿಯೋರ ಮಾತು ಸುಳ್ಳೇ ಇರ್ಲಿ. ಎಣಿಸಾದು ಬ್ಯಾಡ. ನಮ್ಮಜ್ಜನ ಕಾಲ್ದಾಗೆ ಯಾವನೋ ಎಣಿಸ್ದ ಅಂತ ಕಾಲುಬಾಯಿ ಜ್ವರ ಬಂದು ಕೊಟ್ಟಿಗೆ ಕೊಟ್ಟಿಗೇನೇ ಖಾಲಿ ಆಯ್ತು. ಗೋಮಾಳ ಉಳ್ಕಂಡು ದನ ಓದ್ರೆ ಯಾರು ಮೇಯಾದು, ನಾವಾ?”

“ಎಣಿಸದೆ ನಾನು ಏನು ಬರೆಯಲಿ?” ಅಂದರು ಇವರು.

“ಜಾಸ್ತಿ ಅವೆ ಅಂತ ಬರ್ಕಳಿ ಸಾಮಿ.”

“ಜಾಸ್ತಿ ಅನ್ನೋ ಅಂಕಿ ನನಗೆ ಬರೋಲ್ಲವಲ್ಲ ಗೌಡ್ರೆ.”

ಮಾತು ಅಲ್ಲೇ ಗಿರಕಿ ಹೊಡೆಯಿತು. ಬಿಸಿಲು ಏರುತ್ತಿತ್ತು. ಇರುವುದು ಒಂದೇ ದಿನ. ಇವರು ಜೇಬಿನಿಂದ ಗಡಿಯಾರ ತೆಗೆದು ನೋಡಿದ್ದನ್ನು ಮೂರು ಸಲ ನಾನೇ ಗಮನಿಸಿದೆ. ಆಗ ಹೆಂಗಸರ ಗುಂಪಿನ ಹಿಂದಿನಿಂದ ಮೊಸರವ್ವ ಮುಂದಕ್ಕೆ ಬಂದಳು.

“ದನ ಎಣಿಸಬ್ಯಾಡಿ. ಗೂಟ ಎಣಿಸ್ಕಳಿ. ಗೂಟಕ್ಕೆ ಯಾರ ಕಣ್ಣು ತಾಕ್ತದೆ?”

“ಅಲ್ಲ ಕಣಮ್ಮಿ, ದನ ಸತ್ತು ಗೂಟ ಉಳ್ಕಂಡಿದ್ರೆ?” ಎಂದನೊಬ್ಬ.

“ನೀನು ಸತ್ರೆ ನಿನ್ ಚಾಪೆ ಎಷ್ಟು ದಿನ ಹಾಸಿರ್ತಾರ್ಲಾ? ದನ ಓದ ಗೂಟದ ಮ್ಯಾಲೆ ಧೂಳು ಕೂತಿರ್ತದೆ. ಕಟ್ಟೋ ಗೂಟ ಹಗ್ಗ ತಿಕ್ಕಿ ತಿಕ್ಕಿ ನುಣ್ಣಗಿರ್ತದೆ. ಅವ್ವಾರು ಕೈ ಇಟ್ಟು ನೋಡ್ಲಿ.”

ಈ ಸಲ ಎಲ್ಲರೂ ನಕ್ಕರು, ಹಿರಿಯ ಗೌಡರೂ ಸೇರಿ. ಗೂಟಕ್ಕೆ ದೋಷವಿಲ್ಲ ಎಂದು ಅವರೇ ತೀರ್ಮಾನ ಕೊಟ್ಟರು. ಶ್ಯಾನುಭೋಗರು ಮಾತ್ರ, “ಇಷ್ಟು ವರ್ಷದ ಶ್ಯಾನುಭೋಗಿಕೆಯಲ್ಲಿ ಮರದ ತುಂಡು ಎಣಿಸಿದ್ದು ಇದೇ ಮೊದಲು” ಎಂದು ಗೊಣಗಿದರು.

ನಾನು ಮನೆಮನೆಯೊಳಗೂ ಹೋದೆ. ಗಂಜಲದ ವಾಸನೆ, ಕತ್ತಲು, ಒಲೆಯ ಹೊಗೆ. ಬಗ್ಗಿ ಒಂದೊಂದು ಗೂಟದ ಮೇಲೂ ಕೈ ಇಟ್ಟೆ. ಕೆಲವಕ್ಕೆ ಬಾಗಿಲ ಚಿಲಕದಷ್ಟು ನುಣುಪು. ಕೆಲವುಗಳ ಕುತ್ತಿಗೆಯಲ್ಲಿ ಹಗ್ಗ ಕೊರೆದ ಗೆರೆ. ಕರುಗಳ ಗೂಟ ಗಿಡ್ಡ. ಒಂದು ಮನೆಯ ಮುದುಕಿ ಎರಡು ಗೂಟದ ಮೇಲೆ ಮೊರ ಮುಚ್ಚಿಟ್ಟು ಅದರ ಮೇಲೆ ತಾನೇ ಕೂತಿದ್ದಳು. ಸೊಸೆ ಕೈ ಹಿಡಿದು ಎಬ್ಬಿಸಿದಳು. ನಾನು ಸಂಖ್ಯೆಯನ್ನು ಬಾಯಿಂದ ಹೇಳಲಿಲ್ಲ. ಬೆರಳು ಮಡಚಿಕೊಂಡು ಹೊರಗೆ ಬಂದು ಇವರಿಗೆ ತೋರಿಸುತ್ತಿದ್ದೆ, ಇವರು ಬರೆದುಕೊಳ್ಳುತ್ತಿದ್ದರು. ಮೊಸರವ್ವನ ಮನೆ ಒಂದೇ ಅಂಕಣ. ಅವಳ ಚಾಪೆಗೂ ಮೊದಲ ಗೂಟಕ್ಕೂ ನಡುವೆ ಒಂದು ಮೊಳ ಜಾಗ. ಇಲ್ಲಿ ಕೆಂದಿ, ಇಲ್ಲಿ ಬೆಳ್ಳಿ ಎಂದು ಅವಳು ತೋರಿಸಿದಳು. ನಾನು ಹೊರಗೆ ಬಂದು ನಾಲ್ಕು ಬೆರಳು ತೋರಿಸಿದೆ.

ಸಂಜೆ ಕೂಡಿ ನೋಡಿದರೆ ಮೊದಲ ಲೆಕ್ಕದ ಎರಡರಷ್ಟಕ್ಕೂ ಹೆಚ್ಚು. ಹೊಸ ಪಟ್ಟಿ ಬರೆದೆ, ಹೊಸ ನಕ್ಷೆಗೆ ಬಣ್ಣ ಹಚ್ಚಿದೆ. ಈ ಸಲ ಇಡೀ ಗೋಮಾಳ ಹಸಿರು.

ಅಮಲ್ದಾರರ ಉತ್ತರ ಬರುವಷ್ಟರಲ್ಲಿ ಮಳೆಗಾಲದ ಮೊದಲ ಹದಮಳೆ ಬಿದ್ದಿತ್ತು. ಕೆರೆಯ ಕಡೆಯ ಜಮೀನು ಮಂಜೂರಾದವರು ಆಗಲೇ ಬೇಲಿ ಹಾಕಿ ಉತ್ತುಬಿಟ್ಟಿದ್ದರು. ಅವರೇನೂ ಉಳ್ಳವರಲ್ಲ, ಕೂಲಿ ಮಾಡಿ ತಿನ್ನುತ್ತಿದ್ದವರು, ಹುಟ್ಟಿದಂದಿನಿಂದ ಮೊದಲ ಬಾರಿ ತಮ್ಮದು ಅನ್ನುವ ಮಣ್ಣಿನಲ್ಲಿ ರಾಗಿ ಚೆಲ್ಲಿದ್ದರು. ಕೊಟ್ಟದ್ದನ್ನು ಕಿತ್ತುಕೊಳ್ಳುವ ಹಾಗಿಲ್ಲ, ಕೊಡದೆ ಉಳಿದದ್ದನ್ನು ದನಕ್ಕೇ ಬಿಡತಕ್ಕದ್ದು ಎಂದು ಹುಕುಂ ಆಯಿತು. ಅಂದರೆ ಕಲ್ಲೆದ್ದ ಮೇಲುಭಾಗ ಉಳಿಯಿತು. ವರ್ಷವಿಡೀ ಹುಲ್ಲು ಹಸಿರಾಗಿರುತ್ತಿದ್ದ ಕೆರೆಯ ಕಡೆ ಹೋಯಿತು. ಅದೇ ಟಪಾಲಿನಲ್ಲಿ ಇವರಿಗೂ ಒಂದು ಕಾಗದವಿತ್ತು: ಅರಕಲಗೂಡಿಗೆ ವರ್ಗ, ಅದೇ ಹುದ್ದೆಯಲ್ಲಿ. ಹಾಸನದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಇವರು ಕಾಗದವನ್ನು ಮಡಚಿ ಪಂಚಾಂಗದೊಳಗೆ ಇಟ್ಟು, “ಅರಕಲಗೂಡಿನಲ್ಲಿ ನೀರು ಚೆನ್ನಾಗಿದೆಯಂತೆ” ಅಂದರು.

ಹುಕುಂ ಸಾರಿದ ಮೇಲೆ ಮೊಸರವ್ವ ಒಂದು ವಾರ ಬರಲಿಲ್ಲ. ಬಂದ ದಿನ ನಾವು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದೆವು. ಗಡಿಗೆ ಚಿಕ್ಕದಾಗಿತ್ತು.

“ಬೆಳ್ಳೀನೂ ಕವಲೀನೂ ಕೊಟ್ಬುಟ್ಟೆ ಕಣ್ರವ್ವ. ಹಿರೀಸಾವೆ ಕಡೆಯೋರು ಬಂದಿದ್ರು, ಒಳ್ಳೆ ಜನ. ಕವಲಿ ಕೊಂಬು ಯಂಗೆ ಮುರೀತು ಅಂತ ಕೇಳಿದ್ರು. ಕೇಳೋರು ನೋಡ್ಕತಾರೆ.”

“ಕೆಂದಿ?”

“ಮಡಿಕ್ಕಂಡಿವ್ನಿ. ಗಿಡ್ಡೀನೂ. ಅವಳ ಒದೆತ ತಿನ್ನಾಕೆ ಬ್ಯಾರೆ ಯಾರು ಒಪ್ತಾರೆ?”

ನಾನು ಅವಳ ಎದುರಿಗೆ ಕೂತೆ. ಅಷ್ಟು ದಿನ ನಾನು ಬಾಗಿಲಿನ ಒಳಗೆ ನಿಲ್ಲುತ್ತಿದ್ದೆ, ಅವಳು ಹೊರಗೆ ಕೂರುತ್ತಿದ್ದಳು. ಮೊದಲ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಒಂದು ಎಂದು ಬರೆದದ್ದು ನಾನೇ ಎಂದೆ. ಬರೆಯುವಾಗಲೇ ಸುಳ್ಳೆಂದು ಗೊತ್ತಿತ್ತು. ನಕ್ಷೆಗೆ ಬಣ್ಣ ಹಚ್ಚುವಾಗ ಏನಾಗುತ್ತದೆ ಎಂದೂ ಗೊತ್ತಾಯಿತು. ಆವತ್ತೇ ಇವರಿಗೆ ಹೇಳಿದ್ದರೆ ಕೆರೆಯ ಕಡೆಯ ಅರ್ಜಿಗಳು ಮಂಜೂರಾಗುತ್ತಿರಲಿಲ್ಲ, ಎರಡು ವಾರ ಸುಮ್ಮನಿದ್ದೆ ಎಂದು ಎಲ್ಲವನ್ನೂ ಹೇಳಿದೆ.

ಅವಳು ಗಡಿಗೆಯ ಬಾಯಿಯ ಸುತ್ತ ಬೆರಳಾಡಿಸುತ್ತಾ ಕೇಳಿದಳು. ನಮ್ಮತ್ತೆ ಒಳಗೆ ಪಾತ್ರೆ ಜೋಡಿಸುವುದನ್ನು ನಿಲ್ಲಿಸಿದ್ದು ನನಗೆ ಕೇಳಿಸಿತು.

“ಯಾಕೆ ಏಳ್ನಿಲ್ಲ?” ಅಂದಳು.

“ನಿನಗೆ ತೊಂದರೆ ಆಗುತ್ತೆ ಅಂತ.”

“ಆಮ್ಯಾಕೆ?”

“ಆಮೇಲೆ... ನನಗೆ ಹೆದರಿಕೆ ಆಯಿತು.”

“ನಂಗೂ ಅಷ್ಟೇಯ” ಅಂದಳು. “ದನ ಹೊಡ್ಕಂಡ್ ಹೊಳೆಗೆ ಓದಾಗ ನಂಗೂ ಅದೇ ಹೆದರಿಕೆ. ಒಂದು ಏಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ನೀವು ಅವತ್ತೇ ಸಾಮೇರ್ಗೆ ಏಳಿದ್ರೆ, ಚಾಡಿ ಹೇಳಿದ್ರು ಅಂತ ನಾನು ಇನ್ನೆಂದೂ ಈ ಬಾಗಿಲು ತುಳೀತಿರ್ನಿಲ್ಲ. ನಾಕು ಹಸ ನನ್ ಮನೇಲಿರವು. ಈಗ ಬಾಗಿಲು ತುಳೀತಿವ್ನಿ. ಎಲ್ಡು ಇಲ್ಲ.”

ಅದು ಕ್ಷಮೆಯೋ ಅಲ್ಲವೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಅವಳು ಮೊಸರು ಹಾಕಿ, ಮೇಲೊಂದಿಷ್ಟು ಕೊಸರು ಹಾಕಿ, ಸಿಂಬೆಯನ್ನು ತಲೆಗಿಟ್ಟುಕೊಂಡು ಎದ್ದಳು. ಒಂದು ಲೋಟ ಕಾಫಿ ಕುಡಿದು ಹೋಗು ಎಂದು ನಮ್ಮತ್ತೆ ಒಳಗಿನಿಂದಲೇ ಕೂಗಿದರು. ಅವರು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು.

“ಇಲ್ಲ ತಾಯಿ, ಹೊತ್ತಾಯ್ತದೆ. ಕೆರೆ ತಾವ ಬೇಲಿ ಹಾಕವ್ರೆ. ದನೀಗೆ ನೀರು ಕುಡ್ಸಾಕೆ ಗುಡ್ಡ ಸುತ್ಕಂಡು ಓಗಬೇಕು ಈಗ.”

ಅಂದವಳು ಹಿತ್ತಲ ಬಾಗಿಲು ದಾಟಿ ಬೇಗಬೇಗ ನಡೆದಳು.